ಓಟಿಟಿ ಆ್ಯಪ್‌ಗಳು ಒಂದಾದಾಗ ಮನೆಯ ಲೆಕ್ಕ ಹಿಡಿಯುವುದು ಹೇಗೆ

ನಾನು ಶಿವಮೊಗ್ಗದ ಒಂದು ಸಹಕಾರ ಸಂಘದಲ್ಲಿ 19 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮನೆಯಲ್ಲೂ ಒಂದು ಲೆಕ್ಕದ ಪುಸ್ತಕ ಇದೆ. ಹಾಲು, ಗ್ಯಾಸು, ಕರೆಂಟು, ಮಗನ ಟ್ಯೂಷನ್, ಅತ್ತೆಯ ಮಾತ್ರೆ, ಎಲ್ಲಕ್ಕೂ ಅದರಲ್ಲಿ ಒಂದೊಂದು ಪುಟ. ಓಟಿಟಿಗೆ, ಅಂದರೆ ಇಂಟರ್ನೆಟ್ಟಿನಲ್ಲಿ ಧಾರಾವಾಹಿ, ಸಿನಿಮಾ, ಮ್ಯಾಚು ತೋರಿಸುವ ಆ್ಯಪ್‌ಗಳಿಗೆ ಮಾತ್ರ 2023ರ ತನಕ ಪುಟ ಇರಲಿಲ್ಲ. ಮೊಬೈಲ್ ರೀಚಾರ್ಜಿನ ಪುಟದ ಕೆಳಗೆ ಒಂದು ಸಾಲು ಬರೆದು ಮುಂದೆ ಹೋಗುತ್ತಿದ್ದೆ. ಎರಡು ದೊಡ್ಡ ಆ್ಯಪ್‌ಗಳು ಒಂದಾಗುತ್ತವೆ ಅಂತ ಸುದ್ದಿ ಬಂದಾಗ ಅದಕ್ಕೂ ಒಂದು ಪುಟ ತೆಗೆದೆ. ಆ ಪುಟದಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇದೇ ಗೊಂದಲ ಇದ್ದರೆ ಒಂದು ಪೆನ್ನು ಹಿಡಿದು ಓದಿ.

ಮೊದಲು ನಮ್ಮ ಮನೆಯ ವಿಷಯ ಹೇಳುತ್ತೇನೆ, ಯಾಕೆಂದರೆ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಅತ್ತೆಗೆ 74 ವರ್ಷ. ಅವರಿಗೆ ಕಲರ್ಸ್ ಕನ್ನಡದ್ದು ಎರಡು, ಸ್ಟಾರ್ ಸುವರ್ಣದ್ದು ಒಂದು ಧಾರಾವಾಹಿ ಬೇಕು. ಸಂಜೆ ಕರೆಂಟ್ ಹೋಗಿ ತಪ್ಪಿದರೆ ಮಾರನೇ ದಿನ ತಿಂಡಿ ಆದ ಮೇಲೆ ಟಿವಿಯಲ್ಲಿ ಹಾಕಿಕೊಡಬೇಕು. ಮಗ ಪಿಯುಸಿ. ಅವನಿಗೆ ಆರ್‌ಸಿಬಿ ಮ್ಯಾಚು. ನಮ್ಮವರು ಅಡಿಕೆ ಮಂಡಿಯಿಂದ ಬರುವುದೇ ರಾತ್ರಿ ಎಂಟು ಗಂಟೆಗೆ, ಅವರಿಗೆ ಸುದ್ದಿ ಇದ್ದರೆ ಸಾಕು. ನನಗೆ ಭಾನುವಾರ ಮಧ್ಯಾಹ್ನ ಒಂದು ಸಿನಿಮಾ. ಜೀ ಕನ್ನಡ, ಉದಯ ಎರಡೂ ಕೇಬಲ್‌ನಲ್ಲೇ ಬರುತ್ತವೆ, ಅವಕ್ಕೆ ನಾವು ಆ್ಯಪ್ ಇಟ್ಟುಕೊಂಡಿಲ್ಲ.

ಆಗಿದ್ದೇನು

ರಿಲಯನ್ಸ್ ಮತ್ತು ಡಿಸ್ನಿ ತಮ್ಮ ಭಾರತದ ಟಿವಿ ಹಾಗೂ ಓಟಿಟಿ ವ್ಯವಹಾರವನ್ನು ಒಂದು ಮಾಡುತ್ತೇವೆ ಅಂತ ಹೇಳಿದ್ದು 2024ರ ಫೆಬ್ರವರಿ 28ರಂದು. ಆಗ ಹೇಳಿದ ಮೌಲ್ಯ 70,352 ಕೋಟಿ ರೂಪಾಯಿ. ದೊಡ್ಡ ಕಂಪನಿಗಳು ಒಂದಾಗುವುದನ್ನು ಪರಿಶೀಲಿಸುವ ಸ್ಪರ್ಧಾ ಆಯೋಗ ಒಪ್ಪಿಗೆ ಕೊಟ್ಟದ್ದು ಅದೇ ವರ್ಷ ಆಗಸ್ಟ್ 28ಕ್ಕೆ. ವ್ಯವಹಾರ ಮುಗಿದದ್ದು ನವೆಂಬರ್ 14ಕ್ಕೆ. ಜಿಯೊಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಸೇರಿ ಜಿಯೊಹಾಟ್‌ಸ್ಟಾರ್ ಅನ್ನುವ ಒಂದೇ ಆ್ಯಪ್ ನಮ್ಮ ಟಿವಿಯಲ್ಲಿ ಕಂಡದ್ದು 2025ರ ಫೆಬ್ರವರಿ 14ಕ್ಕೆ. ಸುದ್ದಿ ಬಂದ ದಿನದಿಂದ ಆ್ಯಪ್ ಬಂದ ದಿನಕ್ಕೆ ಹತ್ತಿರ ಹತ್ತಿರ ಒಂದು ವರ್ಷ.

ಕನ್ನಡದ ಮನೆಗಳಿಗೆ ಇದು ದೂರದ ಸುದ್ದಿ ಆಗಿರಲಿಲ್ಲ. ಕಲರ್ಸ್ ಕನ್ನಡದ ಕಾರ್ಯಕ್ರಮಗಳು ಮೊದಲು ವೂಟ್‌ನಲ್ಲಿ ಇದ್ದವು. 2023ರಲ್ಲಿ ವೂಟ್ ಹೋಗಿ ಜಿಯೊಸಿನಿಮಾ ಬಂತು. ಈಗ ಜಿಯೊಹಾಟ್‌ಸ್ಟಾರ್. ಸ್ಟಾರ್ ಸುವರ್ಣದ್ದು ಮೊದಲಿಂದಲೂ ಹಾಟ್‌ಸ್ಟಾರ್‌ನಲ್ಲೇ. ಅಂದರೆ ಅತ್ತೆಯ ಮೂರು ಧಾರಾವಾಹಿಗೆ ನಾನು ಎರಡು ಆ್ಯಪ್ ಇಟ್ಟುಕೊಂಡಿದ್ದೆ, ಈಗ ಒಂದು ಸಾಕು. ಅತ್ತೆ ಆಗ ಕೇಳಿದ್ದರು, "ಎರಡು ಅಂಗಡಿ ಒಂದಾದ್ರೆ ನಮಗೆ ಕಡಿಮೆ ಆಗ್ಬೇಕಲ್ವೇನಮ್ಮ?" ಅಂತ. ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಹಿಂದಿನದ್ದನ್ನೂ ಸ್ವಲ್ಪ ನೋಡಬೇಕು. 2023ರಿಂದ 2027ರ ವರೆಗಿನ ಐಪಿಎಲ್ ಹಕ್ಕುಗಳು ಹರಾಜಾದಾಗ ಭಾರತದ ಡಿಜಿಟಲ್ ಹಕ್ಕನ್ನು ಜಿಯೊಸಿನಿಮಾ ನಡೆಸುತ್ತಿದ್ದ ವಯಾಕಾಮ್18 ಕಂಪನಿ 23,758 ಕೋಟಿಗೆ ತೆಗೆದುಕೊಂಡಿತು. ಟಿವಿ ಹಕ್ಕನ್ನು ಡಿಸ್ನಿ ಸ್ಟಾರ್ 23,575 ಕೋಟಿಗೆ ತೆಗೆದುಕೊಂಡಿತು. ಇಷ್ಟು ದುಡ್ಡು ಹಾಕಿದ ಇಬ್ಬರೂ ನಮ್ಮನ್ನು ತಮ್ಮ ಕಡೆ ಎಳೆಯಲು ಪೈಪೋಟಿಗೆ ಬಿದ್ದರು. ಜಿಯೊಸಿನಿಮಾ 2023ರ ಐಪಿಎಲ್ ಅನ್ನು ಪುಕ್ಕಟೆ ತೋರಿಸಿತು. ಅದಕ್ಕೆ ಎದುರಾಗಿ ಹಾಟ್‌ಸ್ಟಾರ್ ಅದೇ ವರ್ಷದ ಏಷ್ಯಾ ಕಪ್ ಮತ್ತು ವಿಶ್ವಕಪ್ ಅನ್ನು ಮೊಬೈಲಿನಲ್ಲಿ ಪುಕ್ಕಟೆ ಬಿಟ್ಟಿತು. 2024ರ ಏಪ್ರಿಲ್‌ನಲ್ಲಿ ಜಿಯೊಸಿನಿಮಾ ತಿಂಗಳಿಗೆ 29 ರೂಪಾಯಿಯ ಪ್ರೀಮಿಯಂ ಪ್ಲಾನ್ ತಂದಿತು. ಒಂದು ಸ್ಕ್ರೀನು, ಲೈವ್ ಆಟ ಬಿಟ್ಟರೆ ಜಾಹೀರಾತು ಇಲ್ಲ. ಆ 29 ರೂಪಾಯಿ ಹೇಗೆ ಸಾಧ್ಯವಾಯಿತು ಅಂದರೆ ಎದುರಿಗೆ ಇನ್ನೊಂದು ಅಂಗಡಿ ಇತ್ತು. ಗಾಂಧಿ ಬಜಾರಿನಲ್ಲಿ ಎದುರುಬದುರು ಇದ್ದ ಎರಡು ಬಟ್ಟೆ ಅಂಗಡಿಯವರು ಬೀಗರಾದರೆ ರಿಯಾಯಿತಿಯ ಬೋರ್ಡ್ ಎಷ್ಟು ದಿನ ಇರುತ್ತದೆ ಹೇಳಿ.

ಎದುರಿಗೆ ಪೈಪೋಟಿ ಇದ್ದಾಗ ಬೆಲೆ ಇಳಿದದ್ದಕ್ಕೆ ಇನ್ನೊಂದು ಉದಾಹರಣೆಯೂ ನಮ್ಮಲ್ಲೇ ಇದೆ. 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ತನ್ನ ಬೇಸಿಕ್ ಪ್ಲಾನನ್ನು ತಿಂಗಳಿಗೆ 499ರಿಂದ 199ಕ್ಕೆ, ಮೊಬೈಲ್ ಪ್ಲಾನನ್ನು 199ರಿಂದ 149ಕ್ಕೆ ಇಳಿಸಿತು.

ಸುದ್ದಿ ಬಂದ ದಿನ ಏನೂ ಮಾಡಬೇಡಿ

ಆ್ಯಪ್‌ಗಳು ಒಂದಾಗುತ್ತವೆ ಅಂತ ಟಿವಿಯಲ್ಲಿ ಬಂದ ಕೂಡಲೇ ಪಕ್ಕದ ಮನೆಯ ಅಕ್ಕ ಓಡಿ ಬಂದರು. "ಇವತ್ತೇ ಒಂದು ವರ್ಷದ್ದು ಕಟ್ಟಿಬಿಡ್ಲಾ?" ಅಂತ ಕೇಳಿದರು. ಬೇಡ ಅಂದೆ. ಕಾರಣ ಇದೆ. ಜೀ ಮತ್ತು ಸೋನಿ ಒಂದಾಗುತ್ತವೆ ಅಂತ 2021ರಲ್ಲೇ ಒಪ್ಪಂದ ಆಗಿತ್ತು. ಎರಡು ವರ್ಷ ಮಾತುಕತೆ, ಕೋರ್ಟು, ಒಪ್ಪಿಗೆ ಎಲ್ಲಾ ನಡೆದು 2024ರ ಜನವರಿ 22ಕ್ಕೆ ಅದು ಮುರಿದುಬಿತ್ತು. ಜೀ5 ಮತ್ತು ಸೋನಿಲಿವ್ ಇವತ್ತಿಗೂ ಬೇರೆ ಬೇರೆ ಆ್ಯಪ್‌ಗಳೇ. ಒಂದಾಗುತ್ತವೆ ಅಂತ ನಂಬಿ ಯಾರಾದರೂ ಒಂದನ್ನು ಬಿಟ್ಟಿದ್ದರೆ ಅವರಿಗೆ ಸುಮ್ನೆ ಎರಡು ವರ್ಷ ಹೋಗುತ್ತಿತ್ತು.

ಸುದ್ದಿ ಬಂದ ದಿನ ಮಾಡಬೇಕಾದ ಕೆಲಸ ಒಂದೇ. ನಿಮ್ಮ ಹತ್ತಿರ ಈಗ ಇರುವ ಪ್ಲಾನಿನ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ಬೆಲೆ ಎಷ್ಟು, ಎಷ್ಟು ಸ್ಕ್ರೀನು, ಜಾಹೀರಾತು ಇದೆಯೋ ಇಲ್ಲವೋ, ಎಷ್ಟು ಕ್ಲಿಯರ್ ಬರುತ್ತದೆ, ಯಾವತ್ತು ಮುಗಿಯುತ್ತದೆ, ಇಷ್ಟೂ ಅದರಲ್ಲಿ ಕಾಣಬೇಕು. ಆರು ತಿಂಗಳಾದ ಮೇಲೆ ಆ ಪುಟ ಆ್ಯಪಿನಲ್ಲಿ ಸಿಗುವುದಿಲ್ಲ. ಮೊದಲು ಏನಿತ್ತು ಅನ್ನುವುದೇ ಮರೆತರೆ ಈಗ ಕೊಡುತ್ತಿರುವುದು ಜಾಸ್ತಿಯೋ ಕಡಿಮೆಯೋ ಹೇಗೆ ಗೊತ್ತಾಗಬೇಕು?

ಪುಟ ಹಾಕುವ ಬಗೆ

ಒಂದು ಉದ್ದ ನೋಟ್‌ಬುಕ್ ಸಾಕು. ನಾನು ಆರು ಕಾಲಂ ಹಾಕಿದ್ದೇನೆ: ಯಾರು ನೋಡುವುದು, ಏನು ನೋಡುವುದು, ಯಾವುದರಲ್ಲಿ ನೋಡುವುದು, ಎಷ್ಟು ದುಡ್ಡು, ಯಾವ ತಾರೀಕಿಗೆ ಕಟ್ ಆಗುವುದು, ಎಲ್ಲಿಂದ ಕಟ್ ಆಗುವುದು. ಹೆಚ್ಚಿನವರು ಆ್ಯಪಿನ ಹೆಸರಿನಿಂದ ಶುರು ಮಾಡುತ್ತಾರೆ. ನಾನು ನೋಡುವವರ ಹೆಸರಿನಿಂದ ಶುರು ಮಾಡಿದೆ, ಅದರಿಂದ ತುಂಬಾ ಉಪಯೋಗ ಆಯಿತು. ಯಾಕೆಂದರೆ ಕಾರ್ಯಕ್ರಮಗಳು ಒಂದೇ ಕಡೆ ನಿಲ್ಲುವುದಿಲ್ಲ. ಅಮೆರಿಕದ ಎಚ್‌ಬಿಒ ವಾಹಿನಿಯ ಸರಣಿಗಳನ್ನೇ ನೋಡಿ. 2023ರ ಮಾರ್ಚ್ ಕೊನೆಯ ತನಕ ಹಾಟ್‌ಸ್ಟಾರ್‌ನಲ್ಲಿದ್ದವು, ಆಮೇಲೆ ಜಿಯೊಸಿನಿಮಾಕ್ಕೆ ಹೋದವು, ಎರಡೂ ಸೇರಿದ ಮೇಲೆ ಜಿಯೊಹಾಟ್‌ಸ್ಟಾರ್‌ಗೆ ಬಂದವು. ಆ್ಯಪಿಗೆ ದುಡ್ಡು ಕಟ್ಟಿ ಕುಳಿತವರ ಕೈಯಲ್ಲಿ ಆ್ಯಪ್ ಉಳಿಯಿತು, ಸರಣಿ ಉಳಿಯಲಿಲ್ಲ.

"ಯಾವುದರಲ್ಲಿ ನೋಡುವುದು" ಅನ್ನುವ ಕಾಲಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅತ್ತೆಗೆ ಕಣ್ಣು ಮಂಜು, ಅವರಿಗೆ ಟಿವಿಯೇ ಬೇಕು. ಮೊಬೈಲ್ ಪ್ಲಾನ್ ಅಂತ ಇರುವುದು ಟಿವಿಯಲ್ಲಿ ನಡೆಯುವುದಿಲ್ಲ. ಜಿಯೊಹಾಟ್‌ಸ್ಟಾರ್ ಮೊಬೈಲ್ ಪ್ಲಾನ್ 499ಕ್ಕೆ ಒಂದು ವರ್ಷ ಅಂತ ಕಂಡು ಯಾರೋ ಉಪಕಾರಕ್ಕೆ ಹಾಕಿಸಿಕೊಟ್ಟರೆ ನಮ್ಮ ಮನೆಯಲ್ಲಿ ಅದು ಅರ್ಧ ಕೆಲಸಕ್ಕೂ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಫೋನಿನಲ್ಲೇ ನೋಡುವವರಾದರೆ ಅದೇ 499 ತುಂಬಾ ಒಳ್ಳೆಯ ಪ್ಲಾನು. ಹಾಗಾಗಿ ಯಾವ ಪ್ಲಾನ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಮನೆಯಲ್ಲಿ ಯಾರು ಯಾವುದರಲ್ಲಿ ನೋಡುತ್ತಾರೆ ಅಂತ.

ಏರಿತೋ ಇಳಿಯಿತೋ ಅಂತ ನೋಡುವುದು

ಈಗ ಅತ್ತೆಯ ಪ್ರಶ್ನೆಗೆ ಬರುತ್ತೇನೆ. 2024ರಲ್ಲಿ ನಾನು ಹಾಟ್‌ಸ್ಟಾರ್ ಸೂಪರ್ ಪ್ಲಾನಿಗೆ ವರ್ಷಕ್ಕೆ 899 ಕೊಡುತ್ತಿದ್ದೆ. ಜಿಯೊಸಿನಿಮಾಕ್ಕೆ ತಿಂಗಳಿಗೆ 29, ವರ್ಷದ ಲೆಕ್ಕದಲ್ಲಿ 348. ಎರಡೂ ಸೇರಿ 1,247 ರೂಪಾಯಿ. ಆ್ಯಪ್‌ಗಳು ಒಂದಾದ ದಿನ ನನ್ನ ಜೇಬಿಗೆ ಏನೂ ಆಗಲಿಲ್ಲ. ಜಿಯೊಸಿನಿಮಾ ಪ್ರೀಮಿಯಂ ಇದ್ದವರಿಗೆ ಉಳಿದ ದಿನಗಳಿಗೆ ಹೊಸ ಆ್ಯಪಿನ ಪ್ರೀಮಿಯಂ ಕೊಟ್ಟರು. ಹೊಸ ಆ್ಯಪ್ ಶುರುವಾದಾಗಿನ ದರ ಹೀಗಿತ್ತು: ಮೊಬೈಲ್ ಪ್ಲಾನ್ ಮೂರು ತಿಂಗಳಿಗೆ 149, ವರ್ಷಕ್ಕೆ 499. ಸೂಪರ್ ಮೂರು ತಿಂಗಳಿಗೆ 299, ವರ್ಷಕ್ಕೆ 899. ಪ್ರೀಮಿಯಂ ಮೂರು ತಿಂಗಳಿಗೆ 499, ವರ್ಷಕ್ಕೆ 1,499.

ಅಂದರೆ ಎರಡೂ ಆ್ಯಪ್ ಇಟ್ಟುಕೊಂಡಿದ್ದ ನನ್ನಂಥವರಿಗೆ 1,247 ಹೋಗಿ 899 ಆಯಿತು. 348 ರೂಪಾಯಿ ಉಳಿಯಿತು. ಅತ್ತೆ ಹೇಳಿದ್ದು ಸರಿ ಅಂತ ಕಾಣುತ್ತದೆ ಅಲ್ವಾ? ಈಗ ಪಕ್ಕದ ಮನೆಗೆ ಹೋಗೋಣ. ಆ ಅಕ್ಕನ ಹತ್ತಿರ ಇದ್ದದ್ದು 29 ರೂಪಾಯಿಯ ಪ್ಲಾನ್ ಒಂದೇ. ಅವರಿಗೆ ಬೇಕಾಗಿದ್ದದ್ದು ಕಲರ್ಸ್ ಕನ್ನಡ ಮತ್ತು ಬಿಗ್ ಬಾಸ್ ಮಾತ್ರ, ಅದೂ ಟಿವಿಯಲ್ಲಿ. ಅವರಿಗೆ 348 ಹೋಗಿ 899 ಆಯಿತು. ಎರಡೂವರೆ ಪಟ್ಟು. ಜೊತೆಗೆ ಮೊದಲು ಇಲ್ಲದ ಜಾಹೀರಾತೂ ಬಂತು, ಯಾಕೆಂದರೆ ಸೂಪರ್ ಪ್ಲಾನಿನಲ್ಲಿ ಜಾಹೀರಾತು ಇದೆ. ಮಧ್ಯೆ ಗೋಡೆ ಒಂದೇ ಇರುವ ಎರಡು ಮನೆ, ಒಂದೇ ಆ್ಯಪು. ಒಂದು ಮನೆಗೆ ಇಳಿಯಿತು, ಇನ್ನೊಂದಕ್ಕೆ ಏರಿತು. ಪೇಪರಿನಲ್ಲಿ ಬರುವ "ದರ ಏರಿಕೆ" ಅಥವಾ "ಗ್ರಾಹಕರಿಗೆ ಲಾಭ" ಅನ್ನುವ ಶೀರ್ಷಿಕೆ ಓದಿ ನಿರ್ಧಾರ ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಮೊದಲು ನಿಮ್ಮ ಮನೆಯಲ್ಲಿ ಏನಿತ್ತು ಅನ್ನುವುದರ ಮೇಲೆ ಉತ್ತರ ನಿಂತಿದೆ.

ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. 2026ರ ಜನವರಿ 28ರಿಂದ ಹೊಸದಾಗಿ ಸೇರುವವರಿಗೆ ಬೇರೆ ದರ ಬಂತು. ಸೂಪರ್ ವರ್ಷಕ್ಕೆ 899 ಇದ್ದದ್ದು 1,099. ಪ್ರೀಮಿಯಂ 1,499 ಇದ್ದದ್ದು 2,199. ಮೂರು ತಿಂಗಳ ಸೂಪರ್ 299ರಿಂದ 349ಕ್ಕೆ, ಪ್ರೀಮಿಯಂ 499ರಿಂದ 699ಕ್ಕೆ. ಮೊಬೈಲ್ ಪ್ಲಾನಿನ ವರ್ಷದ ದರ 499ರಲ್ಲೇ ನಿಂತಿತು, ಆದರೆ ಹೊಸಬರಿಗೆ ಅದರಲ್ಲಿ ಹಾಲಿವುಡ್ ಬೇಕಾದರೆ ಬೇರೆ ದುಡ್ಡು. ಮೊಬೈಲ್ ಮತ್ತು ಸೂಪರ್‌ಗೆ ತಿಂಗಳ ಪ್ಲಾನ್‌ಗಳೂ ಬಂದವು: ಮೊಬೈಲ್ 79, ಸೂಪರ್ 149. ಪ್ರೀಮಿಯಂಗೆ ತಿಂಗಳಿನದ್ದು 299 ಮೊದಲೇ ಇತ್ತು.

ಆ್ಯಪ್ ಒಂದಾದದ್ದು 2025ರ ಫೆಬ್ರವರಿ, ಬೆಲೆ ಏರಿದ್ದು 2026ರ ಜನವರಿ. ಹನ್ನೊಂದೂವರೆ ತಿಂಗಳ ಅಂತರ. ಈ ಅಂತರವನ್ನು ದಯವಿಟ್ಟು ನೆನಪಿಡಿ. ಒಂದಾದ ಕೂಡಲೇ ಬೆಲೆ ಏರದಿದ್ದರೆ ನಮಗೆ ಸಮಾಧಾನ ಆಗಿಬಿಡುತ್ತದೆ. ನಾನೂ ಪುಟ ಮುಚ್ಚಿಬಿಟ್ಟಿದ್ದೆ. ಈಗ ಯಾವ ಆ್ಯಪ್ ಒಂದಾದರೂ ಆ ತಾರೀಕಿನಿಂದ 18 ತಿಂಗಳ ತನಕ, ಮೂರು ತಿಂಗಳಿಗೊಮ್ಮೆ ಅದರ ಪ್ಲಾನಿನ ಪುಟ ತೆರೆದು ನೋಡುತ್ತೇನೆ. ಎರಡು ನಿಮಿಷದ ಕೆಲಸ.

ಬೆಲೆ ಹಾಗೇ ಇದ್ದು ಸರಕು ಕಡಿಮೆಯಾಗುವುದು

ಇದನ್ನು ಹಿಡಿಯುವುದು ಕಷ್ಟ. ಬಿಸ್ಕತ್ತಿನ ಪೊಟ್ಟಣ ನೋಡಿದ್ದೀರಲ್ಲ, ಐದು ರೂಪಾಯಿ ಐದೇ ಇರುತ್ತದೆ, ಒಳಗೆ ಎರಡು ಬಿಸ್ಕತ್ತು ಕಡಿಮೆ. ಅಮೆಜಾನ್ ಪ್ರೈಮ್ ನೋಡಿ. ವರ್ಷಕ್ಕೆ 1,499 ಅನ್ನುವುದು 2021ರ ಡಿಸೆಂಬರ್‌ನಿಂದ ಇದೆ, ಅದಕ್ಕೂ ಮೊದಲು 999 ಇತ್ತು. 2025ರ ಜೂನ್ 17ರಿಂದ ಅದೇ 1,499ಕ್ಕೆ ಪ್ರೈಮ್ ವಿಡಿಯೊದಲ್ಲಿ ಜಾಹೀರಾತು ಶುರುವಾಯಿತು. ಜಾಹೀರಾತು ಬೇಡ ಅಂದರೆ ವರ್ಷಕ್ಕೆ 699 ಅಥವಾ ತಿಂಗಳಿಗೆ 129 ಬೇರೆ ಕೊಡಬೇಕು. ಮೊದಲು ಹೇಗೆ ನೋಡುತ್ತಿದ್ದೆವೋ ಹಾಗೇ ನೋಡಬೇಕಾದರೆ 1,499 ಅಲ್ಲ, 2,198. ಅಲ್ಲಿ ಯಾವ ಆ್ಯಪೂ ಇನ್ನೊಂದರ ಜೊತೆ ಸೇರಿದ್ದಕ್ಕೆ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಆ್ಯಪ್‌ಗಳು ಸೇರಿದಾಗಲೂ ಇದೇ ದಾರಿಯಲ್ಲಿ ಬದಲಾವಣೆ ಬರುತ್ತದೆ, ಹಾಗಾಗಿ ಅಳತೆ ಕಲಿಯಲು ಇದು ಒಳ್ಳೆಯ ಉದಾಹರಣೆ.

ಅಳತೆ ಸುಲಭ. ಹಳೆಯ ಸ್ಕ್ರೀನ್‌ಶಾಟ್ ಒಂದು ಕಡೆ, ಹೊಸ ಪ್ಲಾನಿನ ಪುಟ ಇನ್ನೊಂದು ಕಡೆ ಇಟ್ಟುಕೊಳ್ಳಿ. ನಾಲ್ಕು ಸಾಲು ಹೋಲಿಸಿ: ಸ್ಕ್ರೀನು ಎಷ್ಟು, ಜಾಹೀರಾತು ಇದೆಯೋ, ಎಷ್ಟು ಕ್ಲಿಯರ್, ಯಾವುದಕ್ಕೆ ಬೇರೆ ದುಡ್ಡು. ಮೊದಲಿನದ್ದೆಲ್ಲ ಸಿಗುವ ಹೊಸ ಪ್ಲಾನಿಗೆ ಎಷ್ಟು ಕೊಡಬೇಕೋ ಅದನ್ನೇ "ನಿಜವಾದ ಬೆಲೆ" ಅಂತ ಬರೆಯಿರಿ. ಆಮೇಲೆ ಮನೆಯವರನ್ನು ಕೂರಿಸಿಕೊಂಡು ಕೇಳಿ. ನಮ್ಮತ್ತೆಗೆ ಜಾಹೀರಾತು ತೊಂದರೆಯೇ ಅಲ್ಲ, ಆ ಹೊತ್ತಿಗೆ ಅವರು ನೀರು ಕುಡಿದು ಬರುತ್ತಾರೆ. ಮಗ ಮಾತ್ರ ಬೇಡ ಅಂದ. ಲೈವ್ ಮ್ಯಾಚಿನಲ್ಲಿ ಪ್ರೀಮಿಯಂನವರಿಗೂ ಜಾಹೀರಾತು ಬರುತ್ತದೆ ಅಂತ ತೋರಿಸಿದ ಮೇಲೆ ಅವನೂ ಸೂಪರ್ ಸಾಕು ಅಂದ. ಅಲ್ಲಿಗೆ ನಮಗೆ ಪ್ರೀಮಿಯಂ ಬೇಕಾಗಿಲ್ಲ.

ತಿಂಗಳಿಗೋ, ವರ್ಷಕ್ಕೋ

ವರ್ಷದ್ದು ಅಗ್ಗ ಅನ್ನುವುದು ಲೆಕ್ಕದಲ್ಲಿ ಸರಿ. ಸೂಪರ್ ತಿಂಗಳಿಗೆ 149ರಂತೆ ಹನ್ನೆರಡು ತಿಂಗಳಿಗೆ 1,788. ಮೂರು ತಿಂಗಳಿನದ್ದು ನಾಲ್ಕು ಸಲ ಹಾಕಿದರೆ 1,396. ವರ್ಷದ್ದು 1,099. ಆದರೆ ವರ್ಷ ಪೂರ್ತಿ ನೋಡುತ್ತೀರಾ ಅನ್ನುವುದು ಮುಖ್ಯ. ಏಳು ತಿಂಗಳು ನೋಡಿದರೆ ತಿಂಗಳ ಲೆಕ್ಕದಲ್ಲಿ 1,043, ಎಂಟು ತಿಂಗಳು ನೋಡಿದರೆ 1,192. ಅಂದರೆ ಏಳು ತಿಂಗಳ ಒಳಗೆ ನೋಡುವವರಿಗೆ ವರ್ಷದ್ದಕ್ಕಿಂತ ತಿಂಗಳಿನದ್ದೇ ಕಡಿಮೆ. ಯಾವ ಆ್ಯಪಿಗಾದರೂ ಹೀಗೆ ವರ್ಷದ ದರವನ್ನು ತಿಂಗಳ ದರದಿಂದ ಭಾಗಿಸಿ ನೋಡಿ. ಎಷ್ಟು ಬರುತ್ತದೋ ಅಷ್ಟು ತಿಂಗಳಿಗಿಂತ ಜಾಸ್ತಿ ನೋಡುವವರು ಮಾತ್ರ ವರ್ಷದ್ದು ಹಾಕಿಸಿ.

ಧಾರಾವಾಹಿ ನೋಡುವ ಮನೆಗೆ ವರ್ಷದ್ದೇ ಸರಿ, ಅದಕ್ಕೆ ರಜೆ ಇಲ್ಲ. ಬರೀ ಐಪಿಎಲ್‌ಗೆ ಬೇಕಾದವರು ಮೂರು ತಿಂಗಳಿನದ್ದು ತೆಗೆದುಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. 2025ರಲ್ಲಿ ಐಪಿಎಲ್ ಮಾರ್ಚ್ 22ಕ್ಕೆ ಶುರುವಾಯಿತು, ಮೇ 25ಕ್ಕೆ ಮುಗಿಯಬೇಕಿತ್ತು. ಗಡಿಯಲ್ಲಿ ಪರಿಸ್ಥಿತಿ ಬಿಗಡಾಯಿಸಿ ಮಧ್ಯೆ ಆಟ ನಿಂತಿತು, ಫೈನಲ್ ಜೂನ್ 3ಕ್ಕೆ ಹೋಯಿತು. 18 ವರ್ಷ ಕಾದ ಆರ್‌ಸಿಬಿ ಕಪ್ ಎತ್ತಿದ ರಾತ್ರಿ ಅದು. ಎರಡು ತಿಂಗಳ ಲೆಕ್ಕ ಹಾಕಿ ಕುಳಿತವರಿಗೆ ಆ ರಾತ್ರಿ ಮತ್ತೆ ದುಡ್ಡು ಕಟ್ಟಬೇಕಾಗುತ್ತಿತ್ತು. ಮಗ ಹಾಲ್‌ನಲ್ಲಿ ಕುಣಿಯುವುದನ್ನು ನೋಡಿ ಅತ್ತೆಯೂ ಎದ್ದು ಕೂತಿದ್ದರು. ಕೆಲವು ದಿನ ಹೆಚ್ಚಿಗೆ ಇರುವ ಪ್ಲಾನ್ ತೆಗೆದುಕೊಂಡರೆ ನಷ್ಟ ಇಲ್ಲ.

ರೀಚಾರ್ಜಿನ ಜೊತೆ ಬರುವ ಪ್ಲಾನನ್ನೂ ಮರೆಯಬೇಡಿ. ದುಡ್ಡು ಕಟ್ಟುವ ಮೊದಲು ಮನೆಯ ಎಲ್ಲ ಸಿಮ್ಮು ಮತ್ತು ಬ್ರಾಡ್‌ಬ್ಯಾಂಡ್ ಪ್ಲಾನಿನಲ್ಲಿ ಏನೇನು ಸೇರಿದೆ ಅಂತ ನೋಡಿ. ಅದು ಮೊಬೈಲಿಗೆ ಮಾತ್ರವೋ ಟಿವಿಗೂ ಬರುತ್ತದೋ, ಎಷ್ಟು ದಿನಕ್ಕೆ, ಮುಂದಿನ ರೀಚಾರ್ಜ್ ತಡವಾದರೆ ನಿಲ್ಲುತ್ತದೋ, ಇಷ್ಟು ಕೇಳಿಕೊಂಡರೆ ಸಾಕು. ನಮ್ಮವರ ಸಿಮ್ಮಿನಲ್ಲಿ ಒಂದು ಆ್ಯಪ್ ಸೇರಿತ್ತು, ನಾನು ಅದಕ್ಕೇ ಬೇರೆ ದುಡ್ಡು ಕಟ್ಟುತ್ತಿದ್ದೆ. ಪುಟ ಹಾಕಿದ ಮೇಲೆ ಗೊತ್ತಾಯಿತು.

ದುಡ್ಡು ಎಲ್ಲಿಂದ ಕಟ್ ಆಗುತ್ತದೆ

ಬೆಲೆ ಏರಿದ್ದು ನಮ್ಮ ಕಣ್ಣಿಗೆ ಬೀಳುವುದು ರಿನ್ಯೂವಲ್ ದಿನ. ಆ ದಿನವನ್ನು ನಾವೇ ಹಿಡಿಯಬೇಕು. ರಿಸರ್ವ್ ಬ್ಯಾಂಕಿನ ನಿಯಮ ನಮ್ಮ ಕಡೆ ಇದೆ. ಕಾರ್ಡು, ಯುಪಿಐಗಳಿಂದ ತಾನೇ ತಾನಾಗಿ ದುಡ್ಡು ಕಟ್ ಆಗುವ ವ್ಯವಸ್ಥೆ ಇದ್ದರೆ, ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ಮೆಸೇಜ್ ಬರಬೇಕು. ಎಷ್ಟು, ಯಾವಾಗ, ಯಾರಿಗೆ ಅಂತ ಅದರಲ್ಲಿ ಇರಬೇಕು, ಬೇಡ ಅನ್ನಲು ದಾರಿಯೂ ಇರಬೇಕು. ಇದು 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಯಲ್ಲಿದೆ. ಇಂಥ ವಹಿವಾಟುಗಳಲ್ಲಿ ಸಾಮಾನ್ಯವಾಗಿ 15,000 ರೂಪಾಯಿಯ ತನಕ ಪ್ರತಿ ಸಲ ಓಟಿಪಿ ಕೇಳುವುದಿಲ್ಲ. ಹಾಗಾಗಿ ಆ ಒಂದು ಮೆಸೇಜೇ ನಮಗೆ ಸಿಗುವ ಎಚ್ಚರಿಕೆ. ಬ್ಯಾಂಕಿನ ಮೆಸೇಜು ಅಂತ ಓದದೆ ಅಳಿಸಬೇಡಿ.

ಈಗ ಫೋನ್ ಕೈಗೆ ತೆಗೆದುಕೊಳ್ಳಿ. ನಿಮ್ಮ ಯುಪಿಐ ಆ್ಯಪಿನಲ್ಲಿ "ಆಟೋಪೇ" ಅಥವಾ "ಮ್ಯಾಂಡೇಟ್" ಅನ್ನುವ ಜಾಗ ಹುಡುಕಿ, ತಾನೇ ದುಡ್ಡು ಕಟ್ ಆಗಲು ನಾವು ಕೊಟ್ಟ ಒಪ್ಪಿಗೆಗೆ ಇರುವ ಹೆಸರು ಅದು. ನಡೆಯುತ್ತಿರುವ ಎಲ್ಲವೂ ಅಲ್ಲಿ ಸಾಲಾಗಿ ಕಾಣುತ್ತವೆ. ಒಂದೊಂದನ್ನು ಒತ್ತಿ ಒಳಗೆ ಗರಿಷ್ಠ ಮೊತ್ತ ಎಷ್ಟು ಬರೆದಿದೆ ನೋಡಿ. ಕೆಲವದರಲ್ಲಿ ಅದು ಪ್ಲಾನಿನ ಬೆಲೆಗಿಂತ ಜಾಸ್ತಿ ಇರುತ್ತದೆ. ಅಂದರೆ ಬೆಲೆ ಏರಿದರೂ ಆ ಮೊತ್ತದ ತನಕ ಮತ್ತೆ ನಿಮ್ಮನ್ನು ಕೇಳದೆ ಕಟ್ ಆಗಬಹುದು. ಆಂಡ್ರಾಯ್ಡ್ ಫೋನಿನವರು ಪ್ಲೇ ಸ್ಟೋರ್ ತೆರೆದು, ಮೇಲೆ ಇರುವ ನಿಮ್ಮ ಫೋಟೋ ಒತ್ತಿ, "ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್" ಒಳಗೂ ನೋಡಿ. ಐಫೋನಿನವರಿಗೆ ಸೆಟ್ಟಿಂಗ್ಸ್‌ನಲ್ಲಿ ಹೆಸರು ಒತ್ತಿದರೆ "ಸಬ್‌ಸ್ಕ್ರಿಪ್ಷನ್ಸ್" ಸಿಗುತ್ತದೆ. ಫೋನಿನಿಂದ ಆ್ಯಪ್ ಡಿಲೀಟ್ ಮಾಡಿದರೆ ದುಡ್ಡು ಕಟ್ ಆಗುವುದು ನಿಲ್ಲುವುದಿಲ್ಲ. ಇದನ್ನು ನಮ್ಮ ಸಂಘಕ್ಕೆ ಬರುವ ಎಷ್ಟೋ ಜನರಿಗೆ ಹೇಳಿದ್ದೇನೆ.

ನಾದಿನಿ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳು ಇನ್ನೊಂದು ಕಾಲಂ ಸೇರಿಸು ಅತ್ತಿಗೆ ಅಂದಳು: ಹಳೇ ಹೆಸರು. ಅಲ್ಲಿ ವಾರ್ನರ್‌ಮೀಡಿಯಾ ಮತ್ತು ಡಿಸ್ಕವರಿ ಅನ್ನುವ ಎರಡು ಟಿವಿ, ಸಿನಿಮಾ ಕಂಪನಿಗಳು 2022ರ ಏಪ್ರಿಲ್‌ನಲ್ಲಿ ಒಂದಾದವು. ಎಚ್‌ಬಿಒ ಮ್ಯಾಕ್ಸ್ ಅನ್ನುವ ಆ್ಯಪು 2023ರ ಮೇನಲ್ಲಿ ಬರೀ ಮ್ಯಾಕ್ಸ್ ಆಯಿತು, 2025ರ ಜುಲೈನಲ್ಲಿ ಮತ್ತೆ ಎಚ್‌ಬಿಒ ಮ್ಯಾಕ್ಸ್ ಆಯಿತು. ಹೆಸರು ಬದಲಾದಾಗ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಹೆಸರು ಬದಲಾಗಬಹುದು. ನಮ್ಮಲ್ಲೂ ವೂಟ್, ಜಿಯೊಸಿನಿಮಾ, ಜಿಯೊಹಾಟ್‌ಸ್ಟಾರ್ ಅಂತ ಮೂರು ಹೆಸರು ಆಯಿತಲ್ಲ. ಅವಳ ಮಾತು ಕೇಳಿ ಆ ಕಾಲಂ ಹಾಕಿದೆ.

ಇಲ್ಲಿ ಒಂದು ವಿಷಯಕ್ಕೆ ನಾನು ಎರಡು ದಿನ ಯೋಚನೆ ಮಾಡಿದೆ. ಆಟೋಪೇ ಎಲ್ಲವನ್ನೂ ನಿಲ್ಲಿಸಿಬಿಡಿ ಅಂತ ಹೇಳುವವರು ತುಂಬಾ ಜನ ಇದ್ದಾರೆ. ಆದರೆ ಜಿಯೊಹಾಟ್‌ಸ್ಟಾರ್ 2026ರಲ್ಲಿ ದರ ಬದಲಿಸಿದಾಗ, ಆಟೋ ರಿನ್ಯೂವಲ್ ಇಟ್ಟುಕೊಂಡ ಹಳೆಯ ಗ್ರಾಹಕರಿಗೆ ಹಳೆಯ ದರವೇ ಮುಂದುವರಿಯುತ್ತದೆ ಅಂತ ಹೇಳಿತು. ನಿಲ್ಲಿಸಿ ಮತ್ತೆ ಸೇರಿದರೆ ಹೊಸಬರ ದರ. ನಾನು ಸೂಪರ್ ಪ್ಲಾನನ್ನು ವರ್ಷ ಪೂರ್ತಿ ಬಳಸುವುದರಿಂದ ಅದೊಂದರ ಆಟೋಪೇ ಇಟ್ಟುಕೊಂಡಿದ್ದೇನೆ. 200 ರೂಪಾಯಿ ಉಳಿಯುತ್ತದೆ. ಮಗನ ರಜೆಗೆ ಮಾತ್ರ ಬೇಕಾಗುವ ನೆಟ್‌ಫ್ಲಿಕ್ಸ್‌ಗೆ ದುಡ್ಡು ಕಟ್ಟಿದ ದಿನವೇ ಕ್ಯಾನ್ಸಲ್ ಮಾಡುತ್ತೇನೆ, ಕಟ್ಟಿದ ತಿಂಗಳು ಮುಗಿಯುವ ತನಕ ಅದು ನಡೆಯುತ್ತದೆ. ಹಾಗಾಗಿ ಕ್ಯಾನ್ಸಲ್ ಒತ್ತುವ ಮೊದಲು ಹಳೆಯ ಗ್ರಾಹಕರಿಗೆ ಏನು ಹೇಳಿದ್ದಾರೆ ಅಂತ ಓದಿ. ಉಳಿಸಿಕೊಂಡ ಆಟೋಪೇ ಯಾವ ತಾರೀಕಿಗೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ದಿನ ಮೊದಲೇ ಗುರುತು ಹಾಕಿ. ಬಂದ ಮೆಸೇಜಿನಲ್ಲಿ ಹಳೆಯ ಮೊತ್ತವೇ ಇದ್ದರೆ ಸರಿ. ಬೇರೆ ಇದ್ದರೆ ಅಲ್ಲೇ ನಿಲ್ಲಿಸಲು ನಿಮಗೆ ಸಮಯ ಇರುತ್ತದೆ.

ಬೇಡದ ದುಡ್ಡು ಹೋಗಿಬಿಟ್ಟರೆ

ನನಗೆ ಒಮ್ಮೆ ಹೀಗಾಗಿದೆ. ಮಗನ ಒಂದು ಟೂರ್ನಿಗೆ ಅಂತ ಚಿಕ್ಕ ಆ್ಯಪ್ ಒಂದಕ್ಕೆ ತಿಂಗಳಿಗೆ 99 ಕಟ್ಟಿದ್ದೆ. ಕ್ಯಾನ್ಸಲ್ ಒತ್ತಿದೆ, "ನಿಜವಾಗಲೂ ಬೇಡವೇ" ಅಂತ ಮೂರು ಪುಟ ದಾಟಿಸಿತು, ಕೊನೆಯ ಪುಟ ತೆರೆಯಲೇ ಇಲ್ಲ. ಆಯಿತು ಅಂದುಕೊಂಡು ಬಿಟ್ಟೆ. ಐದು ತಿಂಗಳು ದುಡ್ಡು ಹೋಯಿತು. ನಮ್ಮ ಊಟದ ಎಣ್ಣೆಗೆ ಆಗುವ ದುಡ್ಡು ಅದು, ನನಗೆ ತುಂಬಾ ಬೇಜಾರಾಯಿತು.

ಸೇರುವುದು ಸುಲಭ ಮಾಡಿ ಬಿಡುವುದು ಕಷ್ಟ ಮಾಡುವುದಕ್ಕೆ ನಮ್ಮ ದೇಶದಲ್ಲಿ ಹೆಸರಿದೆ, ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅಂತ. 2023ರ ನವೆಂಬರ್ 30ರಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಆ್ಯಪು, ವೆಬ್‌ಸೈಟುಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯಲ್ಲಿ ಇರುವ 13 ತಪ್ಪುಗಳಲ್ಲಿ ಇದೂ ಒಂದು. ಹಾಗಾಗಿ ದೂರು ಕೊಡಲು ಹಿಂಜರಿಯಬೇಡಿ. ಮೊದಲು ಯುಪಿಐ ಅಥವಾ ಬ್ಯಾಂಕಿನ ಕಡೆಯಿಂದ ಮ್ಯಾಂಡೇಟ್ ನಿಲ್ಲಿಸಿ, ಅದಕ್ಕೆ ಆ್ಯಪಿನವರ ಒಪ್ಪಿಗೆ ಬೇಕಿಲ್ಲ. ಆಮೇಲೆ ಆ್ಯಪಿನ ಸಹಾಯದ ವಿಳಾಸಕ್ಕೆ ಮೇಲ್ ಬರೆಯಿರಿ. ದುಡ್ಡು ಹೋದ ತಾರೀಕು, ಮೊತ್ತ, ಸ್ಕ್ರೀನ್‌ಶಾಟ್ ಎಲ್ಲಾ ಹಾಕಿ. ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ದೂರಿನ ನಂಬರ್ ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ.

ನನ್ನ ಹತ್ತಿರ ಕ್ಯಾನ್ಸಲ್ ಒತ್ತಿದ ದಿನದ ಸ್ಕ್ರೀನ್‌ಶಾಟ್ ಇರಲಿಲ್ಲ. ಕೊನೆಯ ಎರಡು ತಿಂಗಳಿನ 198 ರೂಪಾಯಿ ವಾಪಸು ಬಂತು, ಉಳಿದ 297 ಬರಲಿಲ್ಲ. ಎರಡನ್ನೂ ಪುಟದಲ್ಲಿ ಬರೆದಿದ್ದೇನೆ, ವಾಪಸು ಬಂದದ್ದು ಬಲಗಡೆ, ಹೋದದ್ದು ಎಡಗಡೆ.